ಪೆಟ್ಟಿಗೆಯಲ್ಲೇ ಉಳಿದ ಎರಡು ಸರಳು

ಹೊಳೆ ತಿರುಗುವ ಕಡೆ ಒಂದು ಗರಡಿಮನೆ ಇತ್ತು. ಅಲ್ಲಿಯ ಗುರುವಿನ ಹೆಸರು ದಾಸಪ್ಪಾಜಿ. ಗರಡಿಯಲ್ಲಿ ಗುರುವನ್ನು ಉಸ್ತಾದ್ ಎಂದು ಕರೆಯುವುದು.

ಈ ಕಥೆ ಹೇಳುವವರಲ್ಲಿ ಕೆಲವರು ದಾಸಪ್ಪಾಜಿಯನ್ನು ಹೊಗಳಿ ಅಟ್ಟಕ್ಕೇರಿಸುತ್ತಾರೆ. ನಾನು ಏರಿಸುವುದಿಲ್ಲ. ಅವರೂ ತಪ್ಪು ಮಾಡಿದರು. ಅದನ್ನು ಬಿಟ್ಟು ಹೇಳುವುದಾದರೆ ಸುಮ್ಮನಿರುವುದು ಮೇಲು.

ಆ ಗರಡಿಯಲ್ಲಿ ಒಂದು ಕಟ್ಟಳೆ ಇತ್ತು. ಹೆಗಲ ಮೇಲೆ ಭಾರದ ರಾಡು ಹೊತ್ತು ಬಸ್ಕಿ ಹೊಡೆಯುವವನು, ಕೂರುವ ಮೊದಲು ಕೂಗಬೇಕು.

"ಬೆನ್ನಿಗ್ಯಾರು?"

ಕಾಲು ಸೋತರೆ ಹಿಡಿಯಲು ಹಿಂದೆ ನಿಂತವನು ತನ್ನ ಹೆಸರು ಹೇಳಬೇಕು. ಹೆಸರು ಕಿವಿಗೆ ಬಿದ್ದ ಮೇಲೆಯೇ ಮುಂದಿನವನು ಕೂರುವುದು. ತಿರುಗಿ ನೋಡುವ ಹಾಗಿಲ್ಲ. ಭಾರ ಹೊತ್ತಾಗ ಕತ್ತು ತಿರುಗಿದರೆ ನರ ಹಿಡಿಯುತ್ತದೆ.

ಚಲುವರಾಜ, ಮಂಟೇಲಿಂಗ ಇಬ್ಬರೂ ಹತ್ತು ವರ್ಷದ ಜೋಡಿ. ಇವನು ಕೂತರೆ ಅವನು ಹಿಂದೆ, ಅವನು ಕೂತರೆ ಇವನು ಹಿಂದೆ.

ಒಂದು ವರ್ಷ ಯುಗಾದಿ ಕಳೆದು, ವರ್ಷತೊಡಕಿನ ಬಾಡೂಟವೂ ಮುಗಿದ ಮಾರನೆಯ ಬೆಳಿಗ್ಗೆ ಗರಡಿಗೆ ಬಂದವರು ಅವರಿಬ್ಬರೇ. ಊರೆಲ್ಲ ಹೊಟ್ಟೆ ಭಾರ ಮಾಡಿಕೊಂಡು ಮಲಗಿತ್ತು. ಉಸ್ತಾದರು ಹಿತ್ತಲಲ್ಲಿ ಗರಡಿಯ ಕೆಮ್ಮಣ್ಣಿಗೆ ಎಣ್ಣೆ ಕಲೆಸುತ್ತಿದ್ದರು.

ಮಂಟೇಲಿಂಗ ನೂರಾ ಮೂವತ್ತು ಕೆಜಿ ಹೊತ್ತ. "ಬೆನ್ನಿಗ್ಯಾರು?" ಎಂದು ಕೂಗಿದ್ದು ಹಿತ್ತಲಿಗೂ ಕೇಳಿಸಿತು. "ಚಲುವರಾಜ" ಎಂದದ್ದೂ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಕಬ್ಬಿಣ ಬಿದ್ದ ಸದ್ದು.

ಮಂಟೇಲಿಂಗನ ಬೆನ್ನುಮೂಳೆ ಮುರಿಯಿತು. ಸೊಂಟದಿಂದ ಕೆಳಗೆ ಜೀವ ಹೋಯಿತು. ಆಗ ಅವನಿಗೆ ಇಪ್ಪತ್ತೊಂಬತ್ತು.

ಊರಿನವರು ಕೂತಲ್ಲೇ ತೀರ್ಪು ಕೊಟ್ಟರು. ಪಾಪ, ಚಲುವರಾಜ ಹಿಡಿದ, ಅಷ್ಟು ಭಾರ ಅವನ ಕೈಗೆ ನಿಲ್ಲಲಿಲ್ಲ, ಕೈಗೂ ಏಟಾಯಿತು. ಮಂಟೇಲಿಂಗನದು ಜಂಬ, ಶಕ್ತಿ ಮೀರಿ ಹೊತ್ತ. ಮಂಟೇಲಿಂಗನ ಅಪ್ಪ ಕೆಂಚಯ್ಯನೇ ಮಗನ ಹಾಸಿಗೆಯ ಪಕ್ಕ ನಿಂತು ಹಾಗೆಂದ. ಕೇಳಿ ಕೇಳಿ ಮಂಟೇಲಿಂಗನೂ ಅದನ್ನೇ ನಂಬಿದ.

ಚಲುವರಾಜ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಆವತ್ತಿನಿಂದ ಅವನು ಗರಡಿಗೂ ಬರಲಿಲ್ಲ, ಮಂಟೇಲಿಂಗನ ಮನೆಗೂ ಹೋಗಲಿಲ್ಲ. ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವುದು, ಮನೆಗೆ ಬಂದು ಬಾಗಿಲು ಹಾಕಿಕೊಳ್ಳುವುದು. ಇಷ್ಟೇ.

ಹದಿನಾಲ್ಕು ತಿಂಗಳಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಗರಡಿಯ ಮುಂದೆ ಬಂದು ನಿಂತ. ಹೊಸಿಲು ದಾಟಲಿಲ್ಲ.

"ಉಸ್ತಾದ್ರೆ, ಮನೇಲೇ ಒಂದು ಸಣ್ಣ ಜಿಮ್ ಮಾಡ್ಕೋತಾ ಇದೀನಿ. ಸ್ಕ್ವಾಟ್ ರ್ಯಾಕ್ ತರ್ಸಿದೀನಿ. ನೀವು ಬಂದು ಮುಟ್ಟಿಕೊಡ್ಬೇಕು."

ಹೊಸ ಗದೆ ಬರಲಿ, ಹೊಸ ಕಲ್ಲುಗುಂಡು ಬರಲಿ, ಮೊದಲು ಉಸ್ತಾದರು ಮುಟ್ಟಬೇಕು. ಆಮೇಲೆ ಶಿಷ್ಯರು. ಅದೂ ಆ ಗರಡಿಯ ಕಟ್ಟಳೆಯೇ.

"ಏನ್ಲಾ ಅದು, ರ್ಯಾಕು ಅಂದ್ರೆ?"

"ನಾಕು ಕಬ್ಬಿಣದ ಕಂಬ. ರಾಡು ಅದರ ಮೇಲೆ ಕೂರುತ್ತೆ. ಕಂಬದ ನಡುವೆ ನಿಂತು ಬಸ್ಕಿ ಹೊಡಿಯೋದು. ಕಾಲು ಸೋತ್ರೆ, ಅಡ್ಡಕ್ಕೆ ಎರಡು ಸರಳು ಇರ್ತವೆ, ಭಾರನ ಅವೇ ತಡ್ಕೋತವೆ. ಇನ್ನೊಬ್ಬ ಆಳು ಬೇಕಾಗಿಲ್ಲ."

"ಬೆನ್ನಿಗೆ ಕಬ್ಬಿಣ ನಿಲ್ಲುತ್ತೆ ಅನ್ನು."

"ಹೂಂ."

"ಕೂಗಿದ್ರೆ ಹೆಸ್ರು ಹೇಳುತ್ತಾ?"

ಚಲುವರಾಜ ನೆಲ ನೋಡಿದ.

"ಹೇಳಲ್ಲ ಉಸ್ತಾದ್ರೆ. ಸುಳ್ಳೂ ಹೇಳಲ್ಲ."

ಉಸ್ತಾದರು ಹೊಸಿಲು ದಾಟಿ ಹೊರಗೆ ಬಂದರು. ಟವೆಲ್ಲು ಹೆಗಲಿಗೆ ಹಾಕಿಕೊಂಡು, ನಡಿ ಎಂದರು.

ಚಲುವರಾಜನ ಮನೆಯ ಹಿಂದೆ ಒಂದು ಹಳೆಯ ಕೊಟ್ಟಿಗೆ. ದನ ಮಾರಿದ ಮೇಲೆ ಖಾಲಿ ಬಿದ್ದಿತ್ತು. ನೆಲಕ್ಕೆ ಸಿಮೆಂಟು ಹಾಕಿಸಿದ್ದ. ಗೋಡೆಗೆ ಸುಣ್ಣ ಬಳಿದಿದ್ದ. ನಡುವೆ ಉದ್ದನೆಯ ರಟ್ಟಿನ ಪೆಟ್ಟಿಗೆ, ಮೂಲೆಯಲ್ಲಿ ರಾಡು, ಕಬ್ಬಿಣದ ಪ್ಲೇಟುಗಳು.

ಉಸ್ತಾದರು ಮಗುಚಿದ ಬಕೆಟ್ಟಿನ ಮೇಲೆ ಕೂತರು. ಅವರಿಗೆ ಎಪ್ಪತ್ತನಾಲ್ಕು. ಕೂರುವಾಗ ಮೊಣಕಾಲು ಲಟ್ ಎಂದಿತು.

ಚಲುವರಾಜ ಪೆಟ್ಟಿಗೆ ಕುಯ್ದು ಒಂದೊಂದಾಗಿ ತೆಗೆದು ನೆಲದ ಮೇಲೆ ಇಟ್ಟ. ಕಂಬ ನಾಲ್ಕು. ಅಡ್ಡಪಟ್ಟಿ ಆರು. ರಾಡು ಕೂರುವ ಕೊಕ್ಕೆ ಎರಡು. ಒಂದು ಚೀಲದಲ್ಲಿ ಬೋಲ್ಟು, ನಟ್ಟು, ವಾಷರು. ಜೊತೆಗೆ ಒಂದು ಹಾಳೆ, ತುಂಬ ಚಿತ್ರ.

ಉಸ್ತಾದರು ಹಾಳೆ ಇಸಕೊಂಡು ನೋಡಿದರು.

"ಒಂದಕ್ಷರ ಇಲ್ವಲ್ಲೋ ಇದ್ರಲ್ಲಿ. ನನ್ನಂತ ಹೆಬ್ಬೆಟ್ಟಿಗೇ ಮಾಡಿರೋದು."

ಚಲುವರಾಜ ನಗಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಅವನ ಮುಖ ಇಳಿದುಹೋಗಿತ್ತು. ಅದನ್ನು ಕಂಡು ಉಸ್ತಾದರಿಗೆ ಸಂಕಟವಾಯಿತು, ಆದರೆ ತೋರಿಸಿಕೊಳ್ಳಲಿಲ್ಲ.

ಎರಡು ಕಂಬ ನಿಲ್ಲಿಸಿ, ನಡುವೆ ಅಡ್ಡಪಟ್ಟಿ ಕೊಟ್ಟು, ಬೋಲ್ಟು ತೂರಿಸಿ, ಸ್ಪ್ಯಾನರಿನಲ್ಲಿ ತಿರುವಿದ. ಹಲ್ಲು ಕಚ್ಚಿ ತಿರುವಿದ. ಒಂದು ಮುಗಿಯಿತು, ಇನ್ನೊಂದು. ಒಂದೊಂದನ್ನೂ ಕೊನೆಯವರೆಗೆ ಬಿಗಿದೇ ಮುಂದಿನದಕ್ಕೆ ಹೋಗುತ್ತಿದ್ದ.

"ಮಂಟೇಲಿಂಗನಿಗೆ ಜ್ವರ" ಎಂದರು ಉಸ್ತಾದರು.

ಸ್ಪ್ಯಾನರು ನಿಂತಿತು.

"ಮಲಗಿ ಮಲಗಿ ಬೆನ್ನೆಲ್ಲ ಹುಣ್ಣಾಗದೆ. ಹುಣ್ಣು ಮೂಳೆಗೆ ಮುಟ್ಟದೆ ಅಂದ್ರು ಡಾಕ್ಟ್ರು. ಬಾಳ ದಿನ ಇಲ್ಲ ಅಂತ ಅವ್ರ ಮಾತು."

ಸ್ಪ್ಯಾನರು ಮತ್ತೆ ತಿರುಗಿತು.

"ನೀನು ಒಂದ್ಸಲನೂ ಹೋಗ್ಲಿಲ್ಲ."

"ಇಲ್ಲ."

"ಹೋದ ತಿಂಗ್ಳು ಕೆಂಚಯ್ಯ ಸತ್ತಾಗ ಮಣ್ಣಿಗೂ ಹೋಗ್ಲಿಲ್ಲ."

"ಇಲ್ಲ ಉಸ್ತಾದ್ರೆ."

"ಮಂಟೇಲಿಂಗ ನಾನು ಹೋದಾಗೆಲ್ಲ ನಿನ್ನೇ ಕೇಳ್ತಾನೆ. ‘ನನ್ನ ಜಂಬದಿಂದ ಚಲುವನ ಕೈಗೂ ಏಟಾಯ್ತು, ಅದಕ್ಕೇ ಅವ್ನಿಗೆ ಬೇಜಾರು’ ಅಂತಾನೆ."

ಚಲುವರಾಜ ಬೆನ್ನು ತಿರುಗಿಸಿ ಕೂತು ಇನ್ನೊಂದು ಬೋಲ್ಟು ಬಿಗಿದ.

ಬಿಸಿಲು ಏರುವ ಹೊತ್ತಿಗೆ ಮೂರು ಬದಿ ನಿಂತಿತು. ನಾಲ್ಕನೆಯ ಬದಿಯ ಪಟ್ಟಿ ಕೂರಲಿಲ್ಲ. ಪಟ್ಟಿಯ ತೂತಿಗೂ ಕಂಬದ ತೂತಿಗೂ ಅರ್ಧ ಬೆರಳಿನಷ್ಟು ವ್ಯತ್ಯಾಸ. ಚಲುವರಾಜ ಕಂಬವನ್ನು ಎಳೆದ, ಜಗ್ಗಿದ. ಒಳಗೆ ಹೋಗಿ ಸುತ್ತಿಗೆ ತಂದ.

"ಬಡಿಬ್ಯಾಡ" ಎಂದರು ಉಸ್ತಾದರು.

"ತೂತೇ ಸರಿ ಇಲ್ಲ. ಮಾಡಿದವರು ದಂಡಪಿಂಡಗಳು."

"ತೂತು ಸರಿ ಅದೆ. ಬಿಚ್ಚು."

"ಯಾವ್ದನ್ನ?"

"ಎಲ್ಲಾನೂ."

"ಉಸ್ತಾದ್ರೆ, ಎರಡು ಗಂಟೆ ಕೆಲ್ಸ!"

"ಗಾಡಿ ಮಾಡೋ ಆಚಾರಿ ಏನ್ಮಾಡ್ತಾನೆ ನೋಡಿಲ್ವಾ? ಎಲ್ಲ ಕಡೆ ಸಡ್ಲವಾಗಿ ಸೇರ್ಸಿ, ಎಲ್ಲ ಅದರದರ ಜಾಗದಲ್ಲಿ ಕೂತ ಮೇಲೆ ಬಿಗಿತಾನೆ. ನೀನು ಮೊದಲ್ನೇದನ್ನೇ ಬಿಗಿದು ಕೂತಿದೀಯ. ಬಿಚ್ಚು."

ಚಲುವರಾಜನಿಗೆ ರೇಗಿತು. ಆದರೂ ಬಿಚ್ಚಿದ. ಎಲ್ಲ ಬೋಲ್ಟನ್ನೂ ಅರ್ಧ ತಿರುವಿ ಸಡಿಲ ಬಿಟ್ಟು ಮತ್ತೆ ಸೇರಿಸಿದ. ನಾಲ್ಕನೆಯ ಪಟ್ಟಿ ತಾನಾಗಿ ಕೂತಿತು. ಆಮೇಲೆ ಸುತ್ತ ಬಂದು ಸ್ವಲ್ಪಸ್ವಲ್ಪವೇ ಬಿಗಿದ. ನಿಂತ ರ್ಯಾಕನ್ನು ಹಿಡಿದು ಅಲುಗಿಸಿದರೆ ಅಲುಗಲಿಲ್ಲ.

ಕೊಕ್ಕೆ ಎರಡೂ ಹಾಕಿದ. ರಾಡು ಎತ್ತಿ ಇಟ್ಟ. ಮೂಲೆಯ ಪ್ಲೇಟುಗಳನ್ನು ಹೊತ್ತು ತಂದು ಎರಡು ಕಡೆಗೂ ಒಂದೊಂದೇ ತೂರಿಸಿದ.

ಉಸ್ತಾದರಿಗೆ ಓದು ಬಾರದಿದ್ದರೂ ಕಬ್ಬಿಣದ ಲೆಕ್ಕ ಚೆನ್ನಾಗಿ ಬರುತ್ತಿತ್ತು.

"ನೂರಾ ಮೂವತ್ತು."

ಚಲುವರಾಜ ಕೊನೆಯ ಪ್ಲೇಟನ್ನು ಒಳಕ್ಕೆ ತಳ್ಳಿದ.

"ವರ್ಷದ ಮೇಲೆ ರಾಡು ಮುಟ್ಟದವನು ಮೊದಲ್ನೇ ದಿನವೇ ನೂರಾ ಮೂವತ್ತಾ?"

"ನೀವು ಮುಟ್ಟಿಕೊಡಿ ಉಸ್ತಾದ್ರೆ. ಆಮೇಲೆ ನಾನು ನೋಡ್ಕೋತೀನಿ."

ಉಸ್ತಾದರು ಎದ್ದು ರ್ಯಾಕಿನ ಸುತ್ತ ಒಂದು ಸುತ್ತು ಬಂದರು. ಆಮೇಲೆ ಪೆಟ್ಟಿಗೆಯ ಹತ್ತಿರ ಬಗ್ಗಿ ಕೈ ಹಾಕಿದರು. ತಳದಲ್ಲಿ ದಪ್ಪನೆಯ ಸರಳು ಎರಡು ಹಾಗೇ ಇದ್ದವು. ಮೇಲೆ ಸುತ್ತಿದ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ.

"ಇವು ಯಾವ್ವು?"

"ಮಿಕ್ಕವು."

"ಹಾಳೇಲಿ ಚಿತ್ರ ಅದೆ ಕಣ್ಲಾ. ಅಡ್ಡಕ್ಕೆ ಹಾಕೋವು. ಬೆಳಿಗ್ಗೆ ನೀನೇ ಅಂದ್ಯಲ್ಲ, ಭಾರನ ತಡಿಯೋವು."

"ಅವು ಬ್ಯಾಡ."

"ಇವು ಬ್ಯಾಡ ಅಂದ್ರೆ ಇಷ್ಟೆಲ್ಲಾ ಯಾಕೆ ತಂದೆ?"

"ಬ್ಯಾಡ ಅಂದೆನಲ್ಲ ಉಸ್ತಾದ್ರೆ."

"ಕಾಲು ಸೋತ್ರೆ?"

ಚಲುವರಾಜ ರಾಡನ್ನು ಹಿಡಿದುಕೊಂಡು ನಿಂತಿದ್ದ. ಬಿಡಲಿಲ್ಲ.

"ಸೋತ್ರೆ ಸೋಲ್ಲಿ. ಅವ್ನಿಗೂ ಯಾರೂ ಇರ್ಲಿಲ್ಲ. ನಂಗೂ ಯಾರೂ ಬ್ಯಾಡ."

ಮಾತು ಬಾಯಿಂದ ಬಿದ್ದಮೇಲೆ ಅವನು ಬೆಚ್ಚಿದ. ಉಸ್ತಾದರು ಬೆಚ್ಚಲಿಲ್ಲ.

"ಹಂಗಾದ್ರೆ ನನ್ನ ಯಾಕೆ ಕರ್ದೆ?"

"ನೀವು ಮುಟ್ಟದೆ ಹೊಸದನ್ನ ಮುಟ್ಟಿ ಅಭ್ಯಾಸ ಇಲ್ಲ."

ತನ್ನ ಬೆನ್ನನ್ನೂ ಮುರಿದುಕೊಳ್ಳಲು ಹೊರಟವನೂ ಕಟ್ಟಳೆ ಬಿಡಲಿಲ್ಲ ನೋಡಿ. ನನಗೆ ಇದು ಹೇಳುವಾಗಲೆಲ್ಲ ಎದೆ ಹಿಂಡುತ್ತದೆ.

ಉಸ್ತಾದರು ಟವೆಲ್ಲನ್ನು ಕಂಬಕ್ಕೆ ಹಾಕಿದರು. ಅಂಗಿ ಬಿಚ್ಚಿದರು.

"ಪ್ಲೇಟು ತಗಿ. ಆ ಕಡೆ ಹತ್ತು, ಈ ಕಡೆ ಹತ್ತು, ಅಷ್ಟೇ ಇರ್ಲಿ."

"ಯಾಕೆ?"

"ಮುಟ್ಟಿಕೊಡು ಅಂದ್ಯಲ್ಲ. ಕೈಯಲ್ಲಿ ಮುಟ್ಟಿದ್ರೆ ಸಾಲ್ದು. ಹೆಗಲಲ್ಲಿ ಮುಟ್ತೀನಿ."

"ಉಸ್ತಾದ್ರೆ, ನಿಮ್ಮ ಮೊಣಕಾಲು..."

"ತಗಿ ಅಂದೆ."

ಹತ್ತು ವರ್ಷದ ರೂಢಿ, ಉಸ್ತಾದರ ಮಾತಿಗೆ ಕೈ ತಾನಾಗಿ ಆಡಿತು. ಪ್ಲೇಟು ಇಳಿದವು. ರಾಡು ಸೇರಿ ನಲವತ್ತು ಕೆಜಿ ಉಳಿಯಿತು.

ಮುದುಕರು ಕಂಬಗಳ ನಡುವೆ ಹೋಗಿ ರಾಡಿನ ಕೆಳಗೆ ಹೆಗಲು ಕೊಟ್ಟು ಎತ್ತಿದರು. ಎರಡು ಹೆಜ್ಜೆ ಮುಂದೆ ಬಂದು ಕಾಲು ಅಗಲಿಸಿ ನಿಂತರು. ತೊಡೆಯ ಸುಕ್ಕು ನಡುಗುತ್ತಿತ್ತು.

"ಬೆನ್ನಿಗ್ಯಾರು?"

ಚಲುವರಾಜ ಗೋಡೆಗೆ ಒರಗಿ ನಿಂತಿದ್ದ.

"ಇಟ್ಬುಡಿ ಉಸ್ತಾದ್ರೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಬೆನ್ನಿಗ್ಯಾರು?"

"ನನ್ ಕೈಲಿ ಆಗಲ್ಲ! ನಾನು ಯಾರ ಹಿಂದೂ ನಿಲ್ಲಲ್ಲ!"

ಉಸ್ತಾದರು ಮೂರನೆಯ ಸಲ ಕೂಗಲಿಲ್ಲ. ಕೂತುಬಿಟ್ಟರು.

ಕೂತವರಿಗೆ ಏಳಲಾಗಲಿಲ್ಲ. ಮೈ ಮುಂದಕ್ಕೆ ಬಗ್ಗಿತು. ಎಡಗಾಲು ಜಾರಿತು. ಕತ್ತಿನ ನರ ಉಬ್ಬಿತು. ತಡೆಯಲು ಕೆಳಗೆ ಏನೂ ಇರಲಿಲ್ಲ. ಸರಳು ಎರಡೂ ಪೆಟ್ಟಿಗೆಯಲ್ಲಿದ್ದವು.

ಚಲುವರಾಜ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಉಸ್ತಾದರ ಕಂಕುಳಿಗೆ ಎರಡೂ ಕೈ ತೂರಿಸಿ, ಎದೆಗೆ ಅವರ ಬೆನ್ನು ಒತ್ತಿಕೊಂಡು, ಭಾರ ಸಮೇತ ಎಬ್ಬಿಸಿದ. ಹಿಮ್ಮೆಟ್ಟಿ ಕೊಕ್ಕೆಗೆ ರಾಡು ಇಟ್ಟ. ಇಬ್ಬರೂ ನೆಲದ ಮೇಲೆ ಕುಸಿದರು.



"ಆವತ್ತು ನಾನು ಅಲ್ಲಿರ್ಲಿಲ್ಲ" ಎಂದ ಚಲುವರಾಜ.

ಉಸ್ತಾದರು ಕಂಬಕ್ಕೆ ಒರಗಿ ಕೂತರು.

"ಹಿಂದಿನ ದಿನ ಬಾಡು ತಿಂದು ದಾಹ ಆಗಿತ್ತು. ನೀರಿನ ಗುಡಾಣದ ಹತ್ರ ಹೋಗಿದ್ದೆ. ಅವ್ನು ಬೆನ್ನಿಗ್ಯಾರು ಅಂದ. ಚೊಂಬು ಬಾಯಲ್ಲಿತ್ತು. ತೆಗೆದು ಚಲುವರಾಜ ಅಂದೆ. ಹತ್ತು ವರ್ಷ ಅಂದಂಗೇ ಅಂದೆ. ಕೂತು ಏಳೋದ್ರೊಳಗೆ ಹೋಗ್ತೀನಿ ಅನ್ಕಂಡಿದ್ದೆ. ಇನ್ನೊಂದು ಗುಟುಕು ಕುಡಿದೆ ಉಸ್ತಾದ್ರೆ. ಇನ್ನೊಂದು ಗುಟುಕು."

ಅವನು ಅತ್ತ. ಗಟ್ಟಿಯಾಗಿ ಅತ್ತ.

"ಗೊತ್ತು" ಎಂದರು ಉಸ್ತಾದರು.

ಚಲುವರಾಜ ತಲೆ ಎತ್ತಿದ.

"ಏನ್ ಗೊತ್ತು?"

"ಆವತ್ತು ಬೆಳಿಗ್ಗೆನೇ ಒಂದಷ್ಟು ಮಣ್ಣು ಹದ ಮಾಡಿ ಗರಡಿ ನೆಲಕ್ಕೆ ಎಳೆದು ಸಮ ಮಾಡಿದ್ದೆ. ಹೊಸ ಮಣ್ಣು. ಸದ್ದು ಕೇಳಿ ಓಡಿ ಬಂದಾಗ ನಿನ್ನ ಹೆಜ್ಜೆ ಕಾಣ್ತಿತ್ತು. ಗುಡಾಣದವರೆಗೆ ಮೆಲ್ಲಗೆ ಹೋದ ಹೆಜ್ಜೆ. ಅಲ್ಲಿಂದ ಅವ್ನ ಹತ್ರಕ್ಕೆ ಓಡಿದ ಹೆಜ್ಜೆ."

"ಯಾರಿಗೂ ಕಾಣ್ಲಿಲ್ವಲ್ಲ?"

"ಜನ ಬರೋ ಮುಂಚೆ ನಾನೇ ಮತ್ತೆ ಮಣ್ಣು ಎಳೆದುಬಿಟ್ಟೆ."

ಚಲುವರಾಜ ಎದ್ದು ನಿಂತ. ಅವನ ಅಳು ನಿಂತುಹೋಗಿತ್ತು.

"ಗೊತ್ತಿದ್ದೂ ಸುಮ್ನಿದ್ರಾ? ಹದಿನಾಕು ತಿಂಗ್ಳು? ಊರೆಲ್ಲ ಅವ್ನ ಜಂಬ ಅಂತಿದ್ರೆ, ಪಕ್ಕದಲ್ಲಿ ಕೂತು ಹೂಂ ಅಂದ್ರಾ?"

"ಹೂಂ ಅಂದೆ."

"ಯಾಕೆ? ನನ್ನ ಕಾಪಾಡಕಾ?"

"ಹಂಗಂತ ನನಗೆ ನಾನೇ ಹೇಳ್ಕಂಡಿದ್ದೆ. ಅದು ಸುಳ್ಳು. ನನ್ನ ಗರಡೀಲಿ ಕೂಗಿದ್ದಕ್ಕೆ ಸುಳ್ಳು ಹೆಸ್ರು ಬಂತು ಅಂತ ಊರಿಗೆ ಗೊತ್ತಾದ್ರೆ ಆಮೇಲೆ ಯಾರು ಮಕ್ಕಳ್ನ ಕಳಿಸ್ತಾರೆ? ಗರಡಿ ಮುಚ್ಚೋದು. ಐವತ್ತು ವರ್ಷದ ಗರಡಿ. ಅದಕ್ಕೆ ಹೆದರ್ದೆ."

ಚಲುವರಾಜನಿಗೆ ಅವರನ್ನು ಹೊಡೆಯುವಷ್ಟು ಸಿಟ್ಟು ಬಂತು. ಉಸ್ತಾದರು ಅವನ ಸಿಟ್ಟು ಇಳಿಯುವವರೆಗೆ ಕಾಯಲಿಲ್ಲ.

"ಆ ಎರಡೂ ಸರಳು ಹಾಕು."

"ಈಗ್ಲಾ?"

"ಅರ್ಧ ಕೆಲ್ಸ ಬಿಟ್ಟು ಎದ್ದೇಳಂಗಿಲ್ಲ. ಹಾಕು. ಆಮೇಲೆ ಮಂಟೇಲಿಂಗನ ಮನೆಗೆ ಹೋಗೋದದೆ."

ಎಷ್ಟು ಎತ್ತರಕ್ಕೆ ಹಾಕಬೇಕು ಎಂಬುದು ಹಾಳೆಯಲ್ಲಿ ಇರಲಿಲ್ಲ. ಉಸ್ತಾದರು ಅವನನ್ನು ಬರಿ ರಾಡಿನೊಂದಿಗೆ ಪೂರ್ತಿ ಕೂರಿಸಿ, ರಾಡಿಗಿಂತ ಎರಡು ಬೆರಳು ಕೆಳಗೆ ತೂತು ಹುಡುಕಿ ಗುರುತು ಮಾಡಿದರು. ಒಂದು ತುದಿ ಅವರು ಹಿಡಿದರು, ಒಂದು ತುದಿ ಅವನು ಹಿಡಿದ. ಅವನ ಕೈಯಿಂದ ನಟ್ಟು ಎರಡು ಸಲ ಕೆಳಗೆ ಬಿತ್ತು. ಮುದುಕರು ಎರಡು ಸಲವೂ ಬಗ್ಗಿ ಎತ್ತಿಕೊಟ್ಟರು.

ಮಂಟೇಲಿಂಗನ ಮನೆ ಹೊಳೆಬೀದಿಯ ಕೊನೆಗೆ. ಹೋದಾಗ ಮಧ್ಯಾಹ್ನ. ಅವನ ತಾಯಿ ಸಣ್ಣತಾಯಮ್ಮ ಮಗನನ್ನು ಎಡಮಗ್ಗುಲಿಗೆ ತಿರುಗಿಸುತ್ತಿದ್ದಳು. ಕೆಳಗೆ ಹಾಸಿದ್ದ ದುಪ್ಪಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಂಚಕ್ಕೆ ಮೊಣಕಾಲು ಕೊಟ್ಟು ಎಳೆಯುತ್ತಿದ್ದಳು. ಎಳೆಯುವಾಗ ಅವನ ಹುಣ್ಣು ತೀಡಿ ಅವನು ಹಲ್ಲು ಕಚ್ಚುತ್ತಿದ್ದ. ಕೋಣೆಯಲ್ಲಿ ಕೀವಿನ ವಾಸನೆ ಇತ್ತು.

ಚಲುವರಾಜನನ್ನು ಕಂಡು ಮಂಟೇಲಿಂಗನ ಮುಖ ಅರಳಿತು.

"ಬಂದ್ಯಾ ಚಲುವ? ಬಾ ಬಾ. ಅವ್ವ, ಚಲುವ ಬಂದವ್ನೆ ನೋಡು! ನಿನ್ ಕೈ ಹೆಂಗದ್ಲಾ? ನನ್ನಿಂದ ನಿನ್ನ ಕೈಗೂ ಏಟು ಬಿತ್ತು ಅಂದ್ರು."

ಅದಕ್ಕಿಂತ ಬಡಿದಿದ್ದರೆ ಚಲುವರಾಜನಿಗೆ ಸುಖವಾಗುತ್ತಿತ್ತು.

ಅವನು ಮಂಚದ ಪಕ್ಕ ಕೂತ. ನೆಲ ನೋಡಿಕೊಂಡು ಹೇಳಲು ಹೊರಟ. ಉಸ್ತಾದರು ಅವನ ಗಲ್ಲ ಹಿಡಿದು ಮುಖ ಎತ್ತಿದರು. ಮಂಟೇಲಿಂಗನ ಕಣ್ಣು ನೋಡಿಕೊಂಡೇ ಎಲ್ಲವನ್ನೂ ಹೇಳಿದ. ಗುಡಾಣ, ಚೊಂಬು, ಇನ್ನೊಂದು ಗುಟುಕು. ಒಂದನ್ನೂ ಬಿಡಲಿಲ್ಲ.

ಮಂಟೇಲಿಂಗ ಸೂರು ನೋಡುತ್ತ ಕೇಳಿದ.

"ಎಷ್ಟು ದೂರ ಇದ್ದೆ?"

"ಏಳು ಹೆಜ್ಜೆ."

"ಮೂರು ಬಸ್ಕಿ ಹೊಡೆದಿದ್ದೆ. ತೊಡೆ ನಡುಗ್ತಿತ್ತು. ಸಾಕು, ಇಟ್ಬುಡಣ ಅನ್ಕಂಡೆ." ಅವನ ದನಿ ಮೆತ್ತಗಿತ್ತು. "ಆಮೇಲೆ, ಚಲುವ ಅವ್ನಲ್ಲ ಅಂತ ನಾಕನೇದಕ್ಕೆ ಕೂತೆ."



"ನಂಗೂ ಗೊತ್ತಿತ್ತು ಮಗ" ಎಂದರು ಉಸ್ತಾದರು. "ಆವತ್ತೇ ಗೊತ್ತಿತ್ತು. ಹೆಜ್ಜೆ ಗುರ್ತು ಅಳಿಸಿದ್ದು ನಾನು."

ಸಣ್ಣತಾಯಮ್ಮ ದುಪ್ಪಟಿಯ ಅಂಚು ಹಿಡಿದುಕೊಂಡೇ ನಿಂತಿದ್ದಳು.

"ಅವ್ರಪ್ಪ ಇವ್ನ ಬೈಕಂಡೇ ಸತ್ರು ಕಣಪ್ಪ" ಎಂದಳು. ಯಾರನ್ನು ನೋಡಿ ಹೇಳಿದಳೋ ತಿಳಿಯಲಿಲ್ಲ.

"ಕೊನೇ ದಿನ ಬಾಯಿಗೆ ನೀರು ಬಿಡುವಾಗ್ಲೂ ಅಂದ" ಎಂದ ಮಂಟೇಲಿಂಗ. "‘ನಿನ್ನ ಜಂಬ ನಿನ್ನವ್ವನ್ನೂ ತಿಂತದೆ’ ಅಂದ. ನಾನು ತಪ್ಪಾಯ್ತು ಕಣಪ್ಪ ಅಂದೆ. ಮಾಡದಿದ್ದ ತಪ್ಪನ್ನ ಒಪ್ಕಂಡೆ. ಹೋದ ತಿಂಗ್ಳು ಬಂದಿದ್ರೆ ಅವ್ನು ಕೇಳಿಸ್ಕೊಂತಿದ್ದ. ಈಗ ಯಾರಿಗೆ ಹೇಳಕೆ ಬಂದಿದೀರಿ?"

ಉಸ್ತಾದರು ಮಂಚದ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟರು. ಮಂಟೇಲಿಂಗ ಕೈ ಅಡ್ಡ ಮಾಡಿದ.

"ಹೋಗಿ. ಇಬ್ರೂ ಹೋಗಿ. ನಿಮ್ಮ ಮುಖ ನೋಡಕಾಗಲ್ಲ."

ಅವನು ಕತ್ತು ಮಾತ್ರ ಗೋಡೆಯ ಕಡೆಗೆ ತಿರುಗಿಸಿದ. ಮಿಕ್ಕ ದೇಹ ಹಾಗೇ ಇತ್ತು.

ಇಬ್ಬರೂ ಹೊರಗೆ ಬಂದು ಹೊಳೆಯ ಮೆಟ್ಟಿಲ ಮೇಲೆ ಕೂತರು. ಯಾರೋ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಅವಳು ಒಗೆದು, ಹಿಂಡಿ, ಬಕೆಟ್ಟಿಗೆ ತುಂಬಿಕೊಂಡು ಹೋದಳು.

"ಕ್ಷಮಿಸ್ಲಿಲ್ಲ ಉಸ್ತಾದ್ರೆ" ಎಂದ ಚಲುವರಾಜ.

"ಇಲ್ಲ."

"ಕ್ಷಮಿಸ್ತಾನಾ?"

"ಗೊತ್ತಿಲ್ಲ."

"ಹೇಳಿದ್ರೆ ಹಗುರ ಆಗುತ್ತೆ ಅನ್ಕಂಡಿದ್ದೆ."

"ನಂಗೂ ಆಗ್ಲಿಲ್ಲ."

"ನಾನೀಗ ಏನ್ ಮಾಡ್ಲಿ? ಮುಖ ನೋಡಕಾಗಲ್ಲ ಅಂದುಬುಟ್ಟ."

ಉಸ್ತಾದರು ಮೊಣಕಾಲಿಗೆ ಕೈ ಊರಿ ನಿಧಾನಕ್ಕೆ ಎದ್ದರು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಅನ್ಲಿ. ಅವ್ನ ಮಗ್ಗುಲು ಬದ್ಲಾಯ್ಸಕೆ ಎರಡಾಳು ಬೇಕು. ಬೆಳಿಗ್ಗೆ ಆರಕ್ಕೆ ಬಾ."